ಗಿರಣಿ ನಿಂತಾಗ ಕೇಳಿಸಿದ್ದು

ಅವತ್ತಿನ ಬೆಳಗೂ ಬೇರೆ ಬೆಳಗುಗಳ ಹಾಗೆಯೇ ಇತ್ತು. ನಲ್ಲಿಯಲ್ಲಿ ನೀರು ಬಂದು ಹೋಗಿತ್ತು. ಯಜಮಾನರು ಮೊದಲ ಬಸ್ಸಿಗೆ ಕೊಟ್ಟೂರಿನ ಮಂಡಿಗೆ ಹೊರಟಿದ್ದರು. ಮಗನ ಒಂಟಿ ಕಾಲುಚೀಲ ಹುಡುಕುವ ಗದ್ದಲ ಮುಗಿದು ಮಕ್ಕಳೂ ಶಾಲೆಗೆ ಹೋದ ಮೇಲೆ ನಾನು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ಜೋಳ ಹಸನು ಮಾಡಲು ಕುಳಿತೆ. ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತು. ದೆಹಲಿಯಲ್ಲಿ ಒಂದು ಸರ್ಕಾರ ಬೀಳುವುದರಲ್ಲಿತ್ತು. ಒಳಗೆ ಪೂಜೆಗೆ ಕುಳಿತಿದ್ದ ನಮ್ಮ ಅತ್ತೆಯವರು ಗಂಟೆ ಕೆಳಗಿಟ್ಟು, "ಅದನ್ನ ಬಂದ್ ಮಾಡವ್ವ. ಗಿರಣಿ ಚಾಲೂ ಆಗೈತೋ ಇಲ್ಲೋ ಒಂದೂ ಕೇಳವಲ್ದು" ಎಂದರು.

ರೇಡಿಯೋ ಆರಿಸಿದೆ. ಬಸ್ಸು ನಿಲ್ಲುವ ಕಡೆಯಿಂದ ಗಿರಣಿಯ ಮೋಟಾರಿನ ಸದ್ದು ತೇಲಿಬಂತು. ಅತ್ತೆಯವರು ಸಮಾಧಾನದಿಂದ ಮತ್ತೆ ಗಂಟೆ ಎತ್ತಿಕೊಂಡರು. ನಮ್ಮೂರಿನ ವಾರ್ತೆಗಳು ಶುರುವಾಗಿದ್ದವು.

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲೆ ಎರಡು ಕೈ ಕಾಣಿಸಿದವು, ಆಮೇಲೆ ಒಂದು ಮುಖ. ಪಕ್ಕದ ಮನೆಯ ಕೊಟ್ರಪ್ಪನವರ ಮಗಳು ವಿಶಾಲಾ. ಹಡಗಲಿಯಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಟಿ.ಸಿ.ಎಚ್. ಓದುತ್ತಿದ್ದ ಹುಡುಗಿ. ಟೀಚರಾಗುವ ಆ ಓದು ಮುಗಿಯಲು ಇನ್ನೊಂದು ವರ್ಷ ಬಾಕಿ ಇತ್ತು.

"ಆಂಟಿ, ನಾಳಿಗೇ ಬರ್ತಾರ್ರಿ ಅವರು. ಎಲಿ ಅಡಿಕಿ ಬದಲಾಯಿಸಿಬಿಡ್ತಾರ. ಇನ್ನೊಂದು ಸಲ ಅಪ್ಪಗ ಹೇಳ್ರಿ."

"ಹೇಳಿ ನೋಡಿದೆನಲ್ಲಮ್ಮ."

"ಕನ್ನಡದಾಗ ಹೇಳೀರಿ. ಇಂಗ್ಲೀಷಿನಾಗ ಹೇಳ್ರಿ. ಅಪ್ಪಗ ಇಂಗ್ಲೀಷ್ ಅಂದ್ರ ಅಂಜಿಕಿ."

ನಗು ಬಂದರೂ ನಗಲಿಲ್ಲ. ಹುಡುಗಿಯ ಕಣ್ಣು ರಾತ್ರಿಯೆಲ್ಲ ಅತ್ತು ದಪ್ಪಗಾಗಿತ್ತು. ಗಂಡಿನವರದು ಹೊಳಲಿನ ಕಡೆಯ ದೊಡ್ಡ ಮನೆತನ. ಹೊಲ, ಎತ್ತು, ಟ್ರ್ಯಾಕ್ಟರು ಎಲ್ಲ ಇದ್ದವರು. ಸಂಬಂಧ ತಂದವಳು ನಮ್ಮೂರಿಗೇ ಕೊಟ್ಟಿದ್ದ ಆ ಹುಡುಗನ ಸೋದರತ್ತೆ ಗೌರಮ್ಮ. ಲಗ್ನವಾದ ಮೇಲೂ ಹುಡುಗಿಯನ್ನು ಓದಿಸುತ್ತೇವೆಂದು ಅವರು ಮಾತು ಕೊಟ್ಟಿದ್ದರು. ವಿಶಾಲಾ ಅದನ್ನು ನಂಬಿರಲಿಲ್ಲ. ಕೊಟ್ರಪ್ಪನವರು ಪೂರಾ ನಂಬಿದ್ದರು. "ಹಿರೇರು ಬಾಯಿಬಿಟ್ಟು ಹೇಳ್ಯಾರ್ರಿ. ಮ್ಯಾಲೆ ಮತ್ತ ಮತ್ತ ಕೇಳಿದ್ರ ಅವರಿಗೆ ಅವಮಾನ ಮಾಡಿದಂಗ" ಎಂದು ನನ್ನ ಬಾಯಿ ಮುಚ್ಚಿಸಿದ್ದರು. ಮನುಷ್ಯ ಕೆಟ್ಟವರಲ್ಲ. ಮಾತು ಅಂದರೆ ಮಾತು ಎನ್ನುವವರು, ಅಷ್ಟೇ. ನಾಳೆ ಎಲೆ ಅಡಿಕೆ ಬದಲಾಯಿಸಿಕೊಂಡರೆ ಇವರೂ ಮಾತು ಕೊಟ್ಟಂತೆ. ಆಮೇಲೆ ಮೈಲಾರಲಿಂಗನೇ ಎದ್ದು ಬಂದರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯಲ್ಲ.

"ನೋಡೋಣಮ್ಮ" ಎಂದೆ. ನನ್ನಂಥವರು ಏನೂ ಮಾಡಲಾಗದಾಗ ಹೇಳುವ ಮಾತು ಅದು. ಡಬ್ಬಿಗೆ ಜೋಳ ತುಂಬಿಕೊಂಡು ಗಿರಣಿಗೆ ಹೊರಟೆ.

ಗಿರಣಿ ನಡೆಸುತ್ತಿದ್ದವಳ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ಊರಿನವರೇ "ಯಾರ್ರಿ ಅದು?" ಎಂದು ಕೇಳಿಯಾರು. ಚಿಕ್ಕವರಿಗೆ, ದೊಡ್ಡವರಿಗೆ, ಆಕೆಗಿಂತ ಹಿರಿಯರಾದ ನಮ್ಮ ಅತ್ತೆಯವರಿಗೆ ಕೂಡ ಆಕೆ ಗಿರಣಿ ಅಕ್ಕ. ತಲೆಗೆ ಟವೆಲು ಸುತ್ತಿ ಸೆರಗನ್ನು ಸೊಂಟಕ್ಕೆ ಬಿಗಿದಿರುತ್ತಿದ್ದಳು. ಹುಬ್ಬಿನ ಮೇಲೆ, ರೆಪ್ಪೆಯ ತುದಿಯಲ್ಲಿ, ಮೂಗಿನ ನತ್ತಿನ ಸಂದಿನಲ್ಲಿ ಹಿಟ್ಟು. ಹಬ್ಬದ ದಿನ ಮುಖ ತೊಳೆದುಕೊಂಡು ಬಂದರೆ ಬೇರೆ ಯಾರೋ ಬಂದರೆಂದು ನಾವು ಒಂದು ಗಳಿಗೆ ತಡವರಿಸುತ್ತಿದ್ದೆವು. ನಗುವಾಗ ಸದ್ದು ಮಾಡುತ್ತಿರಲಿಲ್ಲ. ಅಷ್ಟು ವರ್ಷ ಆ ಗದ್ದಲದಲ್ಲಿ ನಕ್ಕು ನಕ್ಕು, ಸದ್ದು ದಂಡ ಎಂದು ಬಿಟ್ಟುಬಿಟ್ಟಿದ್ದಳೋ ಏನೋ. ಭುಜ ಮಾತ್ರ ಕುಲುಕುತ್ತಿದ್ದವು. ಕುಲುಕಿದಾಗ ಮೈಯಿಂದ ಹಿಟ್ಟು ಉದುರುತ್ತಿತ್ತು. ಎಷ್ಟು ಹಿಟ್ಟು ಉದುರಿತು ಎನ್ನುವುದರ ಮೇಲೆ ಸುದ್ದಿ ಎಷ್ಟು ರುಚಿಯಾಗಿತ್ತೆಂದು ನಾವು ತಿಳಿಯುತ್ತಿದ್ದೆವು.

ಗಂಡ ಇದ್ದ. ಬೆಲ್ಟು ಹರಿದರೆ ಹೊಲಿಯುವುದು, ಕಲ್ಲು ಸವೆದರೆ ಕೊರೆಯುವುದು ಆತನ ಪಾಲಿನ ಕೆಲಸ. ಉಳಿದ ಹೊತ್ತು ಚಹಾದಂಗಡಿಯಲ್ಲಿ ಕುಳಿತು ಪೇಪರು ಓದುತ್ತಿದ್ದ. ಅಕ್ಕನಿಗೆ ಅದು ಕಂಡರಾಗದು. "ಅದರಾಗ ಏನೈತಿ? ದಿಲ್ಲಿ ಸುದ್ದಿ. ದಿಲ್ಲಿ ಮಂದಿ ನಮ್ಮ ಗಿರಣಿಗೆ ಬರ್ತಾರೇನು? ಬಂದ್ರ ನಾನೇ ಕೇಳಿ ಹೇಳ್ತೀನಿ ತಗೋ."

ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೋಗುವ ಬಸ್ಸುಗಳು ಒಂದಿಷ್ಟು ಉಸಿರು ಬಿಟ್ಟು ಮುಂದಕ್ಕೆ ಹೋಗುವಂಥ ಊರು ನಮ್ಮದು. ಯಾವ ಪೇಪರಿನವರೂ ನಮ್ಮ ಕಡೆ ತಿರುಗಿ ನೋಡಿದ್ದಿಲ್ಲ. ಯಾರ ಎಮ್ಮೆ ಈಯಿತು, ಯಾರ ಮನೆಗೆ ಬೀಗರು ಬಂದು ಉಣ್ಣದೆ ಹೋದರು, ಪಂಚಾಯಿತಿಯ ಹೊಸ ಪೈಪು ಯಾರ ಹಿತ್ತಲಿನ ಕಡೆ ಬಾಗಿತು, ಇವೆಲ್ಲ ತಿಳಿಯಬೇಕಿದ್ದರೆ ಜೋಳ ಬೀಸಿಸಬೇಕು. ಮನೆಯಲ್ಲಿ ಹಿಟ್ಟು ಇದ್ದಾಗಲೂ ಹೆಂಗಸರು ಗಿರಣಿಗೆ ಹೋಗುತ್ತಿದ್ದರು. ನಮ್ಮ ಅತ್ತೆಯವರಂತೂ, "ಒಂದೀಟು ಅಕ್ಕಿನಾರ ಬೀಸಿಸ್ಕೊಂಡು ಬಾ" ಎಂದು ನನ್ನನ್ನು ಸುಮ್ಮಸುಮ್ಮನೆ ಅಟ್ಟುತ್ತಿದ್ದರು. ಆ ಅಕ್ಕಿಹಿಟ್ಟಿನಿಂದ ಏನು ಮಾಡಬೇಕೆಂದು ಕೇಳಿದರೆ ಮುಖ ತಿರುಗಿಸುತ್ತಿದ್ದರು.

ನಾನು ಓದಿದ್ದು ಬಳ್ಳಾರಿಯ ಕಾನ್ವೆಂಟಿನಲ್ಲಿ. ಹುಡುಗಿಯ ಮಾತು ಪಕ್ಕದ ಬೆಂಚಿಗೆ ಕೇಳಬಾರದೆಂದು ಅಲ್ಲಿನ ಸಿಸ್ಟರು ನಮಗೆ ಕಲಿಸಿದ್ದರು. ಮದುವೆಯಾಗಿ ಬಂದ ಹೊಸದರಲ್ಲಿ ಗಿರಣಿಗೆ ಹೋಗಿ, ಅದೇ ದನಿಯಲ್ಲಿ "ಸ್ವಲ್ಪ ಸಣ್ಣಗೆ ಬೀಸ್ತೀರಾ?" ಎಂದು ಕೇಳಿದೆ. ಅಕ್ಕ ನನ್ನ ಬಾಯಿಯನ್ನೇ ನೋಡಿದಳು. ಭುಜ ಕುಲುಕಿದವು.

"ಯಾ ಊರವ್ವ ನಿಂದು?"

"ಬಳ್ಳಾರಿ."

"ಬಳ್ಳಾರ್ಯಾಗ ದನಿ ರೇಷನ್ನಿನಾಗ ಕೊಡ್ತಾರೇನು? ಜೋರು ಮಾತಾಡು. ಇಲ್ಲಿ ನೀ ಕೂಗಿದ್ರೂ ನಿನ್ನ ಮಗ್ಗಲು ನಿಂತಾಕಿಗೆ ಕೇಳಂಗಿಲ್ಲ. ಮನಸಿನಾಗಿಂದು ಹೇಳೋಕ ಇದಕ್ಕಿಂತ ಚಲೋ ಜಾಗ ಯಾವುದೈತಿ?"

ಅಂದಿನಿಂದ ನಾನು ಆಕೆಗೆ "ಬಳ್ಳಾರಿ" ಆದೆ. ಕೂಗಲು ಕಲಿತೆ. ಆ ಸದ್ದು ಒಂದು ಗೋಡೆಯ ಹಾಗೆ. ಅಕ್ಕನ ಕಿವಿಯ ಹತ್ತಿರ ಬಾಯಿಟ್ಟು ಕಿರುಚಿದರೆ ಅದು ಆಕೆಗೊಬ್ಬಳಿಗೇ. ಹಾಗೆಂದು ನಾವೆಲ್ಲ ತಿಳಿದಿದ್ದೆವು. ತಿಂಗಳೊಪ್ಪತ್ತಿನಲ್ಲೇ ನಾನು ಧೈರ್ಯ ಮಾಡಿ, ಕಾನ್ವೆಂಟಿನಲ್ಲಿ ಕಲಿತದ್ದನ್ನೆಲ್ಲ ಮರೆತು, ಗಂಟಲು ಹರಿಯುವ ಹಾಗೆ ಹೇಳಿದೆ: "ನಾನು ಮಾಡಿದ ಸಾರು ನಮ್ಮತ್ತೆಗೆ ಸೇರೋದಿಲ್ಲ. ಅವರ ಗಟ್ಟಿ ರೊಟ್ಟಿ ನನಗೆ ಸೇರೋದಿಲ್ಲ. ಇಬ್ಬರೂ ಉಪವಾಸ!"

ಕರೆಂಟು ಹೋಗಿತ್ತು. "ಇಬ್ಬರೂ ಉಪವಾಸ" ಎನ್ನುವುದು ಬಸ್ಸಿಗೆ ನಿಂತವರಿಗೂ ಕೇಳಿಸಿತು. ನಾನು ತಲೆ ತಗ್ಗಿಸಿಕೊಂಡು ಮನೆ ಸೇರುವಷ್ಟರಲ್ಲಿ ಸುದ್ದಿ ನನಗಿಂತ ಮೊದಲೇ ಹೊಸ್ತಿಲು ದಾಟಿತ್ತು. ಆ ಮಧ್ಯಾಹ್ನ ತಾಟಿನಲ್ಲಿ ನನಗೆ ಮಾತ್ರ ಅನ್ನ ಬಿತ್ತು, ಮೇಲೆ ತುಪ್ಪ. ಮರುದಿನ ಅತ್ತೆಯವರೇ ಸಾರಿಗೆ ಕೈ ಹಾಕಿ, ಇಷ್ಟು ಬೆಲ್ಲ, ಇಷ್ಟು ಹುಣಸೆ ಎಂದು ತೋರಿಸಿಕೊಟ್ಟರು. ನಮ್ಮಿಬ್ಬರ ನಡುವೆ ಇದ್ದ ಗಟ್ಟಿಯಾದದ್ದೇನೋ ಅಂದಿನಿಂದ ಮೆದುವಾಯಿತು.

ಪಂಚಾಯಿತಿ ಇಲೆಕ್ಷನ್ನಿನ ಕಾಲದಲ್ಲೂ ಹೀಗೇ ಆಯಿತು. ನಿಂತಿದ್ದ ಒಬ್ಬ ಗೃಹಸ್ಥರ ಹೆಂಡತಿಯನ್ನು ಅಕ್ಕ ಮಾತಿಗೆಳೆದಿದ್ದಳು. ಆ ತಾಯಿ ಕೂಗುತ್ತಿದ್ದಾಗ ಸರಿಯಾಗಿ ಗಿರಣಿ ನಿಂತಿತು. "ಆರಿಸಿ ಬಂದ್ರ ಮನಿ ಕಡಿ ಮಾರಿ ಹಾಕಂಗಿಲ್ಲ. ಸೋತ್ರ ಎಮ್ಮಿನಾರ ಹಿಂಡ್ಯಾನು! ನಾನಂತೂ ಹಾಕಂಗಿಲ್ಲವ್ವ ಆತಗ ಓಟು!" ಅವರು ಸೋತರು. ಆಮೇಲೆ ಚರಿಗೆ ಹಿಡಿದು ಎಮ್ಮೆಯ ಬುಡದಲ್ಲಿ ಕುಳಿತದ್ದನ್ನು ನಾನೇ ಕಂಡಿದ್ದೇನೆ. ಚೆನ್ನಾಗಿ ಹಿಂಡುತ್ತಿದ್ದರು.

ಇಷ್ಟೆಲ್ಲ ಆದರೂ ಅಕ್ಕನನ್ನು ಯಾರೂ ಚಾಡಿಕೋರಳು ಎನ್ನಲಿಲ್ಲ. ಅನ್ನುವ ಹಾಗೂ ಇರಲಿಲ್ಲ. ಒಬ್ಬರ ಮಾತನ್ನು ಇನ್ನೊಬ್ಬರಿಗೆ ಆಕೆ ದಾಟಿಸಿದ್ದನ್ನು ನಾನು ಕೇಳಿಲ್ಲ. "ನಾನು ಮಂದಿ ಸುದ್ದಿ ಹೇಳಾಕಿ ಅಲ್ಲ" ಎನ್ನುತ್ತಿದ್ದಳು, ಬಹಳ ಹೆಮ್ಮೆಯಿಂದ. "ಅವರವರ ಸುದ್ದಿ ಅವರವರ ಬಾಯಿಲೇ ಬರಬೇಕು. ಇಲ್ಲಾಂದ್ರ ಅದಕ್ಕ ಉಪ್ಪು ಹತ್ತಂಗಿಲ್ಲ." ಆ ಬಾಯಿಂದ ಬಂದದ್ದು ಊರಿಗೆಲ್ಲ ಕೇಳಿದರೆ ಅದು ಹಾಳಾದ ಕರೆಂಟಿನ ತಪ್ಪು. ನಾವು ಲೈನ್‌ಮನ್ನನ್ನು ಬೈದುಕೊಳ್ಳುತ್ತಿದ್ದೆವು. ಪಾಪ, ಆತ ಗಿರಣಿಯ ಮುಂದೆ ಹಾದುಹೋಗಲು ಹೆದರುತ್ತಿದ್ದ.

ನಡುವೆ ಯಾರೋ ಊರ ಇನ್ನೊಂದು ತುದಿಗೆ ಡೀಸಲ್ ಇಂಜಿನ್ನಿನ ಗಿರಣಿ ಹಾಕಿದರು. ಕರೆಂಟಿನ ಹಂಗಿಲ್ಲ, ಕಾಯುವ ಹಾಗಿಲ್ಲ. ಒಂದು ಸುಗ್ಗಿ ಎಲ್ಲರೂ ಅತ್ತ ಹೋದರು. ಅಕ್ಕ ಬಾಗಿಲಲ್ಲಿ ಕೈಕಟ್ಟಿ ನಿಂತಿರುತ್ತಿದ್ದಳು, ಯಾರನ್ನೂ ಕರೆಯಲಿಲ್ಲ. ಕಡೆಗೆ ಒಬ್ಬೊಬ್ಬರೇ ಡಬ್ಬಿ ಹೊತ್ತು ತಿರುಗಿ ಬಂದರು. "ಯಾಕ, ಅಲ್ಲಿ ಹಿಟ್ಟು ಚಲೋ ಬರಂಗಿಲ್ಲೇನು?" ಎಂದು ಅಕ್ಕ ಏನೂ ತಿಳಿಯದವಳ ಹಾಗೆ ಕೇಳಿದಾಗ ನಮ್ಮ ಅತ್ತೆಯವರೇ ಉತ್ತರ ಕೊಟ್ಟರು: "ಹಿಟ್ಟು ಚಲೋನ ಬರ್ತೈತಿ. ಬರೇ ಹಿಟ್ಟೇ ಬರ್ತೈತಿ."

ಇನ್ನೊಂದು ವಿದ್ಯೆ ಇತ್ತು ಆಕೆಗೆ. ಅಷ್ಟು ವರ್ಷ ಆ ಸದ್ದಿನಲ್ಲಿದ್ದು, ಕಿವಿ ಇಲ್ಲದೆಯೇ ಮಾತು ಹಿಡಿಯುವುದನ್ನು ಕಲಿತಿದ್ದಳು. ತುಟಿ ಆಡಿದರೆ ಸಾಕು. ಗಿರಣಿಯ ಬಾಗಿಲು ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿತ್ತು. ಅಲ್ಲಿ ನಿಂತವರು ಏನು ಮಾತಾಡಿದರೂ ರಸ್ತೆಯ ಈಚೆ ಅಕ್ಕ ಜೋಳ ಸುರಿಯುತ್ತಲೇ ಓದಿಬಿಡುತ್ತಿದ್ದಳು. ಬಲ್ಲ ಗಂಡಸರು ಬಸ್ಸು ಕಾಯುವಾಗ ಬಾಯಿಗೆ ಟವೆಲು ಅಡ್ಡ ಹಿಡಿಯುತ್ತಿದ್ದರು. ಹೊರಗಿನಿಂದ ಬಂದವರು ನಮ್ಮೂರಲ್ಲಿ ಧೂಳು ಬಹಳ ಎಂದುಕೊಂಡು ಹೋಗುತ್ತಿದ್ದರು.

ಹೋದ ಕಾರ್ತಿಕದಲ್ಲಿ ಆಕೆ ತೀರಿಕೊಂಡಳು. ನಾವು ಹಗರಿಬೊಮ್ಮನಹಳ್ಳಿಗೆ ಮನೆ ಬದಲಾಯಿಸಿ ವರ್ಷಗಳಾಗಿವೆ. ಸುದ್ದಿ ಫೋನಿನಲ್ಲಿ ಬಂತು. ಒಬ್ಬರು ಬೆಳಗಿನ ಜಾವ ಹೋದಳೆಂದರು, ಇನ್ನೊಬ್ಬರು ಉಂಡು ಮಲಗಿದವಳು ಏಳಲಿಲ್ಲವೆಂದರು, ಮತ್ತೊಬ್ಬರು ಆಕೆ ಹೋಗಿಯೇ ಇಲ್ಲ, ಹೋದದ್ದು ಆಕೆಯ ತಂಗಿ ಎಂದು ವಾದಿಸಿದರು. ತನ್ನ ಊರಿನಿಂದ ಇಷ್ಟು ಸಡಿಲವಾದ ವರದಿ ಹೊರಗೆ ಹೋದದ್ದನ್ನು ಅಕ್ಕ ಸಹಿಸುತ್ತಿರಲಿಲ್ಲ. ಅಂದಿನಿಂದ ನನಗೆ ವಿಶಾಲಾ ಹಿತ್ತಲ ಗೋಡೆಗೆ ಬಂದ ಆ ಬೆಳಗು ಮತ್ತೆ ಮತ್ತೆ ನೆನಪಾಗುತ್ತಿದೆ.

ನಾನು ಒಳಗೆ ಹೋದಾಗ ಗಿರಣಿಯಲ್ಲಿ ಐದಾರು ಜನ ಇದ್ದರು. ವಿಶಾಲಾಳ ತಾಯಿ ಹಾಲಮ್ಮ ಹಿಟ್ಟು ಬೀಳುವ ಬಟ್ಟೆಯ ತೋಳನ್ನು ಡಬ್ಬಿಯೊಳಗೆ ಹಿಡಿದು ನಿಂತಿದ್ದಳು. ನಾಳಿನ ಹೋಳಿಗೆಗೆ ಗೋಧಿ. ಮಗಳ ಕಣ್ಣೀರು ಆಕೆಗೆ ಗೊತ್ತಿತ್ತು. ಗಂಡನ ಮಾತಿನ ಮುಂದೆ ಆಕೆಯದೇನೂ ನಡೆಯುವಂತಿರಲಿಲ್ಲ. ಹಿಟ್ಟನ್ನೇ ನೋಡುತ್ತಿದ್ದಳು. ಸಂಬಂಧ ತಂದ ಗೌರಮ್ಮ ಗೋಡೆಯ ಹತ್ತಿರ, ತನ್ನ ಜೋಳದ ಚೀಲದ ಪಕ್ಕದಲ್ಲಿ, ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಬೀಗತಿಯಾಗುವವಳ ಗತ್ತು ಆಗಲೇ ಬಂದಿತ್ತು.

"ಬಾರವ್ವ ಬಳ್ಳಾರಿ" ಎಂದಳು ಅಕ್ಕ. "ಬಾಗಲದಾಗ ನಿಂದ್ರು, ಗಾಳಿ ಬರ್ತೈತಿ."

ನಿಂತೆ. ಅಕ್ಕ ಮೇಲಿನ ಬುಟ್ಟಿಗೆ ಕೋಲಿನಿಂದ ಎರಡು ಸಲ ತಟ್ಟಿದಳು. ಕಾಳು ಸಿಕ್ಕಿಕೊಂಡಾಗ ತಟ್ಟುವುದು ಸರಿಯೇ. ಯಾರದಾದರೂ ಬಾಯಿ ಬಿಡಿಸಬೇಕೆನಿಸಿದಾಗಲೂ ಆಕೆ ಹಾಗೇ ತಟ್ಟುತ್ತಿದ್ದಳು. ಆಮೇಲೆ ಗೌರಮ್ಮನನ್ನು ಸನ್ನೆ ಮಾಡಿ ಹತ್ತಿರ ಕರೆದು ಏನೋ ಕೇಳಿದಳು. ಗೌರಮ್ಮ ಕಿವಿಯ ಬಳಿ ಬಗ್ಗಿ ಏನೋ ಹೇಳಿದಳು. ಅಕ್ಕ ಕೈಯನ್ನು ಕಿವಿಗೆ ಹಿಡಿದು, ಕೇಳಲಿಲ್ಲ ಎಂದು ತಲೆಯಾಡಿಸಿದಳು.

ನನಗೆ ವಿಚಿತ್ರವೆನಿಸಿತು. ರಸ್ತೆಯಾಚೆಯ ಮಾತು ಓದುವವಳಿಗೆ ಕಿವಿಗೆ ಅಂಟಿದ ಮಾತು ಕೇಳಲಿಲ್ಲವೇ?

ಗೌರಮ್ಮ ಇನ್ನಷ್ಟು ಜೋರು ಮಾಡಿದಳು. ಅಕ್ಕ ಮತ್ತೆ ತಲೆಯಾಡಿಸಿದಳು. "ಏನಂದಿ? ಇನ್ನೂ ಜೋರು!" ಎನ್ನುವುದು ಆಕೆಯ ತುಟಿಯಲ್ಲಿ ನನಗೇ ಕಂಡಿತು. ಹಾಗೆ ಕೇಳುತ್ತ ಕೇಳುತ್ತ ಬೆನ್ನನ್ನು ಹಿಂದಿನ ಗೋಡೆಗೆ ಆನಿಸಿದಳು. ಮೋಟಾರಿನ ಸ್ಟಾರ್ಟರು ಇದ್ದ ಗೋಡೆ ಅದು. ಗೌರಮ್ಮ ಎದೆ ತುಂಬ ಉಸಿರು ತೆಗೆದುಕೊಂಡಳು.

ಮೋಟಾರು ಬಂದಾದರೂ ಗಿರಣಿ ಒಮ್ಮೆಗೇ ಸುಮ್ಮನಾಗುವುದಿಲ್ಲ. ಬೆಲ್ಟು ಕೆಲವು ಸುತ್ತು ತಿರುಗಿ, ಕಲ್ಲು ನರಳಿ, ಸದ್ದು ಇಳಿಯುತ್ತ ಬರುತ್ತದೆ. ಕೂಗುತ್ತಿರುವವರಿಗೆ ಅದು ತಿಳಿಯುವುದಿಲ್ಲ. ತಮ್ಮ ಕೂಗಿನಲ್ಲೇ ಇರುತ್ತಾರೆ. ಗೌರಮ್ಮ ಶುರುಮಾಡಿದ್ದು ಗದ್ದಲದಲ್ಲಿ, ಮುಗಿಸಿದ್ದು ಗುಡಿಯಂಥ ನಿಶ್ಶಬ್ದದಲ್ಲಿ.

"...ಕಾಲೇಜು ಎಲ್ಲೀದು ತಗಿಯಕ್ಕ! ಅದು ಅವರಪ್ಪನ್ನ ಒಪ್ಪಿಸೋಕ ಹೇಳಿದ ಮಾತು! ಮನಿ ತುಂಬ ಮಂದಿ ಅದಾರ, ನಮ್ಮಣ್ಣನ ಹೆಂಡ್ತಿ ಸೊಂಟ ಬಿದ್ದೈತಿ, ರೊಟ್ಟಿ ಬಡಿಯೋಕ ಒಂದು ಗಟ್ಟಿ ಹುಡುಗಿ ಬೇಕಾಗೈತಿ! ತಾಳಿ ಒಂದು ಬೀಳಲಿ, ಪುಸ್ತಕ ಒಲಿಗೆ ಹಾಕ್ತೀವಿ!"

ಗೌರಮ್ಮನ ಬಾಯಿ ತೆರೆದದ್ದು ತೆರೆದೇ ಇತ್ತು. ಹಾಲಮ್ಮ ಬಟ್ಟೆಯ ತೋಳು ಹಿಡಿದುಕೊಂಡೇ ಕತ್ತೆತ್ತಿದಳು.

"ಹೋತು ನೋಡು ಹಾಳಾದ್ದು ಕರೆಂಟು" ಎಂದಳು ಅಕ್ಕ, ಬೇಸರದಿಂದ.

ಎಲ್ಲರೂ ಗೌರಮ್ಮನನ್ನು ನೋಡುತ್ತಿದ್ದರು. ನನ್ನ ಕಣ್ಣು ಯಾಕೋ ಎದುರಿನ ಗೋಡೆಯ ಮೇಲೆ ಹೋಯಿತು. ಹಿಟ್ಟು ಕೂತು ಬೆಳ್ಳಗಾದ ಆ ಗೋಡೆಯ ಮೇಲೆ ನೀಲಿ ಬೆಳಕು ಛಕ್ ಛಕ್ ಎಂದು ಕುಣಿಯುತ್ತಿತ್ತು. ತಿರುಗಿ ನೋಡಿದೆ. ರಸ್ತೆಯಾಚೆಯ ವೆಲ್ಡಿಂಗ್ ಅಂಗಡಿಯವನು ಮುಖಕ್ಕೆ ಕರಿ ಗಾಜು ಹಿಡಿದು, ನೇಗಿಲಿನ ಕುಡಕ್ಕೆ ಬೆಸುಗೆ ಹಾಕುತ್ತಿದ್ದ. ಅವನದೂ ನಮ್ಮದೂ ಒಂದೇ ಕಂಬದ ಕರೆಂಟು.

ಅಕ್ಕ ನನ್ನನ್ನು ನೋಡಿದಳು. ನಾನು ಅಕ್ಕನನ್ನು ನೋಡಿದೆ. ಆಕೆ ಗಡಿಬಿಡಿಯಿಲ್ಲದೆ ಬಂದು, ನನ್ನ ಭುಜ ಸರಿಸಿ, ರಸ್ತೆಯ ಕಡೆಯ ಬಾಗಿಲನ್ನು ಎಳೆದುಕೊಂಡಳು. "ಬಿಸಲು ಬಾಳ ಐತವ್ವ" ಎಂದಳು. ಗೋಡೆಯ ನೀಲಿ ಬೆಳಕು ಆರಿಹೋಯಿತು.

ಅಷ್ಟು ಹೊತ್ತಿಗೆ ಗೌರಮ್ಮನಿಗೆ ನಾಲಗೆ ಬಂದಿತ್ತು. "ಚಾಷ್ಟಿಗಿ ಅಂದೆ ಹಾಲಕ್ಕ... ಚಾಷ್ಟಿ ಮಾಡಾಕ ಹತ್ತಿದ್ದೆ... ಕೇಳಬೇಕಾದ್ರ ಅಕ್ಕನ್ನ ಕೇಳು."

"ನನಗೇನು ಕೇಳಿಸ್ತೈತವ್ವ ಈ ಗದ್ದಲದಾಗ!" ಎಂದಳು ಅಕ್ಕ. ಗದ್ದಲ ಎಲ್ಲಿತ್ತು? ಸೊಳ್ಳೆ ಹಾರಿದರೆ ಕೇಳುವಂತಿತ್ತು.

ಹಾಲಮ್ಮ ಜಗಳವಾಡಲಿಲ್ಲ. ಜೋರು ದನಿಯ ಹೆಂಗಸೇ ಅಲ್ಲ ಆಕೆ. ಡಬ್ಬಿಯಲ್ಲಿ ಅರ್ಧದಷ್ಟು ಬಿದ್ದಿದ್ದ ಹಿಟ್ಟನ್ನು ಅಂಗೈಯಿಂದ ಸಮ ಮಾಡಿ ಮುಚ್ಚಳ ಹಾಕಿದಳು. ಮೇಲೆ ಬುಟ್ಟಿಯಲ್ಲಿ ಇನ್ನೂ ಗೋಧಿ ಇತ್ತು. "ಅಕ್ಕಾ" ಎಂದಳು, "ಉಳಿದದ್ದು ಬೀಸಬ್ಯಾಡ. ಹಂಗಾ ಚೀಲಕ್ಕ ಹಾಕಿಕೊಡು." ಚೀಲ ಹೊತ್ತು ಹೊರಗೆ ಹೋದಳು. ಗೌರಮ್ಮ ತನ್ನ ಜೋಳವನ್ನೇ ಬಿಟ್ಟು ಆಕೆಯ ಹಿಂದೆ ಓಡಿದಳು. ಉಳಿದವರಿಗೂ ಅವತ್ತು ಹಿಟ್ಟಿನ ಅವಸರ ಇರಲಿಲ್ಲ; ಸುದ್ದಿ ಬಿಸಿ ಇರುವಾಗಲೇ ಮನೆ ಮುಟ್ಟಿಸಬೇಕಿತ್ತು. ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು.

ಅಕ್ಕ ಬಾಗಿಲು ತೆರೆದಳು. ನೀಲಿ ಬೆಳಕು ಮತ್ತೆ ಗೋಡೆಗೆ ಬಂತು.

"ನೀ ಬಾಳ ಕಣ್ಣಿನಾಕಿ ಅದಿ ಬಳ್ಳಾರಿ."

"ನಿಮಗೆ ಮೊದಲೇ ಗೊತ್ತಿತ್ತಾ ಅಕ್ಕಾ?"

"ನಿನ್ನಿ ಸಂಜಿಮುಂದ ಆಕಿ, ಆಕಿ ಅಣ್ಣ ಬಸ್ಸಿಗೆ ಕಾಯ್ತಾ ನಿಂತಿದ್ರು. ಎಲ್ಲಾ ಮಾತಾಡಿಕೊಂಡ್ರು. ಟವೆಲ್ಲು ಅಡ್ಡ ಹಿಡಿದಿರಲಿಲ್ಲ." ಕೋಲಿನಿಂದ ಬುಟ್ಟಿಗೆ ಅಂಟಿದ್ದ ಗೋಧಿ ಕೆರೆಯುತ್ತ ಹೇಳಿದಳು. "ರಾತ್ರಿಯೆಲ್ಲ ನಿದ್ದಿ ಹತ್ತಲಿಲ್ಲ. ನಾ ಹೋಗಿ ಹೇಳಿದ್ರ ಗಿರಣ್ಯಾಕಿ ಸಂಬಂಧ ಕೆಡಿಸಿದ್ಲು ಅಂತಾರ. ಕೊಟ್ರಪ್ಪ ನಂಬಾಂವೂ ಅಲ್ಲ. ಆಕಿ ಬಾಯಿಲೇ ಬರಬೇಕಾಗಿತ್ತು."

"ಆದರೂ ಇದು ಸರೀನಾ?" ಕಾನ್ವೆಂಟಿನ ಅಭ್ಯಾಸ, ಕೇಳದಿರಲು ಆಗಲಿಲ್ಲ.

"ನಾನೇನು ಮಾಡಿದೆ? ಬಾಯಿ ಆಕೀದು. ಕಿವಿ ಹಾಲಮ್ಮಂದು. ನಂದು ಬರೇ ಮೋಟಾರು."

ಇಷ್ಟು ಹೇಳಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದಳು. ಗಿರಣಿ ಗುಡುಗಿತು. "ಕರೆಂಟು ಬಂತು ನೋಡು!" ಎಂದು ತುಟಿಯಲ್ಲೇ ಹೇಳಿ ನನ್ನ ಜೋಳ ಸುರಿದಳು. ಆಗ ನನಗೆ ಥಟ್ಟನೆ ಒಂದು ಅನುಮಾನ ಹುಟ್ಟಿತು. ಆಕೆಯ ಕಿವಿಗೆ ಬಾಯಿಟ್ಟು ಕೂಗಿದೆ: "ನನ್ನ ಸಾರಿನ ದಿನ ಹೋಗಿದ್ದು ಯಾವ ಕರೆಂಟು?"

ಅಕ್ಕ ನನ್ನ ಕಡೆ ತಿರುಗಿದಳು. ಭುಜ ಕುಲುಕಿದವು. ಮೈಯಿಂದ ಅಷ್ಟು ಹಿಟ್ಟು ಉದುರಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಮನೆಗೆ ಬಂದು ಅತ್ತೆಯವರಿಗೆ ನಾನೇನೂ ಹೇಳಬೇಕಾಗಲಿಲ್ಲ. ಅವರೇ ನನಗೆ ಹೇಳಿದರು. ಗೌರಮ್ಮ ಹೇಳಿದ್ದಕ್ಕಿಂತ ಎರಡು ವಾಕ್ಯ ಹೆಚ್ಚೇ ಇದ್ದವು. ನಡುಹಗಲೆಲ್ಲ ನನ್ನ ಕಿವಿ ಹಿತ್ತಲ ಗೋಡೆಯ ಮೇಲಿತ್ತು. ಪಕ್ಕದ ಮನೆಯಲ್ಲಿ ಜಗಳವಿಲ್ಲ, ಅಳುವಿಲ್ಲ, ಪಾತ್ರೆಯ ಸದ್ದೂ ಇಲ್ಲ. ಹಾಲಮ್ಮ ಗೋಧಿಯ ಚೀಲವನ್ನು ಬಾಗಿಲಿಗೆ ಎದುರಾಗಿ, ಒಳಗೆ ಬರುವವರು ಎಡವುವ ಹಾಗೆ ಇಟ್ಟು ಕುಳಿತಿದ್ದಳಂತೆ. ವಿಶಾಲಾ ಆಮೇಲೆ ಹೇಳಿದಳು. ಹೊಲದಿಂದ ಬಂದ ಕೊಟ್ರಪ್ಪನವರು ಎಡವಿದರು. "ಇದ್ಯಾಕ ಬೀಸಿಲ್ಲ?" ಎಂದರು. ಹಾಲಮ್ಮ ಹೇಳಿದಳು. ಒಂದೇ ಸಲ ಹೇಳಿದಳು, ನಿಧಾನವಾಗಿ, ಒಲೆಗೆ ಹಾಕುವ ಪುಸ್ತಕದವರೆಗೆ. ಅವರು ಉಣ್ಣಲಿಲ್ಲ. ಅಂಗಿಯನ್ನೂ ಬಿಚ್ಚಲಿಲ್ಲ. ತಿರುಗಿ ಚಪ್ಪಲಿ ಮೆಟ್ಟಿ ಹೊರಟರು. ಗೌರಮ್ಮನ ಮನೆಗೆ ಹೋದರೋ, ಫೋನಿನ ಅಂಗಡಿಗೆ ಹೋದರೋ, ಹೋಗಿ ನಾಳೆ ಬರ್ರಿ ಎಂದರೋ ಬರಬ್ಯಾಡ್ರಿ ಎಂದರೋ, ತಾಯಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ವಿಶಾಲಾ ಗೋಡೆಯ ಆಚೆ ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದಳು.

ಸಂಜೆ ಯಜಮಾನರು ಬಂದು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದಾಗ ಕೊಟ್ರಪ್ಪನವರು ಬಂದರು. ದಿನವೂ ಬರುತ್ತಿದ್ದರು, ಎಲೆಗೆ ಸುಣ್ಣ ಕೇಳಲು. ಕುಳಿತರು. ಮಂಡಿಯಲ್ಲಿ ಶೇಂಗಾ ಹೇಗಿದೆ ಎಂದು ಕೇಳಿದರು. ಹೋದ ವರ್ಷಕ್ಕಿಂತ ಬಿಸಿಲು ಜಾಸ್ತಿ ಎಂದರು. ನಾನು ಬಾಗಿಲ ಹಿಂದೆ ಚಹಾದ ಲೋಟ ಹಿಡಿದು ನಿಂತೇ ಇದ್ದೆ. ಹಿತ್ತಲ ಗೋಡೆಯ ಆಚೆ ಬಟ್ಟೆ ಒಗೆಯುವ ಸದ್ದೂ ನಿಂತಿತ್ತು.

ಕೊಟ್ರಪ್ಪನವರು ಎಲೆಗೆ ಸುಣ್ಣ ಸವರಿ, ಮಡಚಿ, ಬಾಯಿಗಿಡುವ ಮೊದಲು, ಯಾವುದೋ ಬೇರೆ ಊರಿನ ಸುದ್ದಿ ಹೇಳುವವರಂತೆ ಹೇಳಿದರು:

"ಹೊಳಲಿನವರಿಗೆ ಫೋನ್ ಹಚ್ಚಿ ಬ್ಯಾಡ ಅಂದುಬಿಟ್ಟೆ ನೋಡ್ರಿ. ನಮ್ಮ ವಿಶಾಲಾ ಬಡಿದ ರೊಟ್ಟಿ ನಮ್ಮ ಮನ್ಯಾಗ ನಾನೊಬ್ಬನೇ ತಿನ್ನೋದು. ಅಷ್ಟು ಮಂದಿಗೆ ಯಾಕ ತ್ರಾಸು ಕೊಡಬೇಕು?"